ಸೂಜಿಯಲ್ಲಿ ಹೊಲಿದ ತುರುಬು

2001ರಲ್ಲಿ ಜಾನೆಟ್ ಸ್ಟೀಫನ್ಸ್ ಎಂಬ ಹೇರ್‌ಡ್ರೆಸರ್ ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ವಾಲ್ಟರ್ಸ್ ಮ್ಯೂಸಿಯಂಗೆ ಹೋಗಿದ್ದರು. ಅಲ್ಲಿ ರೋಮ್‌ನ ಸಾಮ್ರಾಜ್ಞಿ ಜೂಲಿಯಾ ಡೊಮ್ನಾಳ ಅಮೃತಶಿಲೆಯ ಮೂರ್ತಿ ಇತ್ತು. ನಾವಾದರೆ ಮುಖ ನೋಡಿ ಮುಂದೆ ಹೋಗುತ್ತಿದ್ದೆವು. ಅವರು ಹಿಂದೆ ಹೋಗಿ ತುರುಬು ನೋಡಿದರು. ಕಸುಬಿನ ಕಣ್ಣು ಅಲ್ವಾ!

ಅದೇ ತುರುಬು ಕಟ್ಟಲು ನೋಡಿದರೆ ಪಿನ್ನಿಗೆ ನಿಲ್ಲಲೇ ಇಲ್ಲ. ಇಂಥವೆಲ್ಲ ವಿಗ್ ಇರಬೇಕು ಅಂತ ಪಂಡಿತರಲ್ಲಿ ಹಲವರು ನಂಬಿದ್ದರು. ಉತ್ತರ ಸಿಕ್ಕಿದ್ದು ಲ್ಯಾಟಿನ್‌ನ ‘ಆಕುಸ್’ ಎಂಬ ಪದದಲ್ಲಿ. ಕೂದಲಿನ ಮಾತು ಬಂದಾಗ ಅನುವಾದಕರು ಅದನ್ನು ಹೇರ್‌ಪಿನ್ ಎಂದೇ ಬರೆಯುತ್ತಿದ್ದರು. ಆದರೆ ಹೊಲಿಯುವ ಸೂಜಿಗೂ ಅದೇ ಪದ. ಜಾನೆಟ್ ಜಡೆ ಹೆಣೆದು, ಸುತ್ತಿ, ಸೂಜಿ ದಾರದಲ್ಲಿ ಹೊಲಿದರು. ನಿಂತಿತು, ಸ್ವಂತ ಕೂದಲಲ್ಲೇ. 2008ರಲ್ಲಿ ಇದು ರೋಮನ್ ಪುರಾತತ್ವದ ಪತ್ರಿಕೆಯಲ್ಲಿ ಅಚ್ಚಾಯಿತು. ಮೊಗ್ಗಿನ ಜಡೆ ಹೊಲಿಯುವ ನಮ್ಮ ಅಜ್ಜಿಯರನ್ನು ಕೇಳಿದ್ದರೆ ಮೊದಲೇ ಹೇಳಿಬಿಡುತ್ತಿದ್ದರೇನೋ.

ಈ ತುರುಬಿನ ಒಡತಿ ರೋಮ್‌ನವಳಲ್ಲ. ಸಿರಿಯಾದ ಎಮೆಸಾ, ಅಂದರೆ ಇಂದಿನ ಹೋಮ್ಸ್ ಊರಿನ ಪೂಜಾರಿಯ ಮಗಳು. ಗಂಡ ಸೆಪ್ಟಿಮಿಯಸ್ ಸೆವೆರಸ್ ಹುಟ್ಟಿದ್ದು ಇಂದಿನ ಲಿಬಿಯಾದಲ್ಲಿ. ಕ್ರಿ.ಶ. 193ರಲ್ಲಿ ಅವನು ಚಕ್ರವರ್ತಿಯಾದ. ಆಕೆ ದಂಡಿನ ಜೊತೆಗೇ ತಿರುಗಿದಳು, ‘ಸೇನಾ ಶಿಬಿರಗಳ ತಾಯಿ’ ಎಂಬ ಬಿರುದು ಬಂತು. ಬಿಡುವಿನಲ್ಲಿ ತತ್ವಜ್ಞಾನಿಗಳ ಜೊತೆ ಚರ್ಚೆ.

211ರಲ್ಲಿ ಸೆವೆರಸ್ ಸತ್ತ. ಮಕ್ಕಳಾದ ಕರಕಲ್ಲಾ ಮತ್ತು ಗೆಟಾ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ರಾಜಿಯಾಗುತ್ತೇನೆಂದು ತಾಯಿಯನ್ನು ನಂಬಿಸಿ, ಅವಳಿಂದಲೇ ಕರೆಸಿ, ಕರಕಲ್ಲಾ ತಮ್ಮನನ್ನು ಅವಳ ತೋಳಿನಲ್ಲೇ ಕೊಲ್ಲಿಸಿದ. ಅವಳ ಕೈಗೂ ಗಾಯವಾಯಿತು. ಅಳುವಂತಿರಲಿಲ್ಲ, ಖುಷಿಯಾಗಿರುವಂತೆ ನಟಿಸಬೇಕಿತ್ತು. ಆ ಮನೆಯವರ ಬಣ್ಣದ ಚಿತ್ರವೊಂದು ಬರ್ಲಿನ್‌ನಲ್ಲಿದೆ, ಸುಮಾರು 30 ಸೆಂಟಿಮೀಟರ್ ಅಗಲದ ದುಂಡನೆಯ ಹಲಗೆ. ಅದರಲ್ಲಿ ಒಬ್ಬ ಹುಡುಗನ ಮುಖವನ್ನು ಕೆರೆದು ತೆಗೆದಿದ್ದಾರೆ. ಅವನೇ ಗೆಟಾ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ತಾಯಿಯ ಅಲೆಗೂದಲು, ಮುತ್ತುಗಳು ಮಾತ್ರ ಹಾಗೇ ಉಳಿದಿವೆ.

ಆಮೇಲೂ ಆಕೆ ಅದೇ ಮಗನ ಪತ್ರ, ಅರ್ಜಿಗಳನ್ನೆಲ್ಲ ನೋಡಿಕೊಂಡಳು. ಬೇರೆ ದಾರಿ ಇತ್ತೇ? ಇತ್ತು ಅಂತ ನನಗೆ ಅನಿಸುವುದಿಲ್ಲ. 217ರಲ್ಲಿ ಕರಕಲ್ಲಾನ ಕೊಲೆಯಾದಾಗ ಆಂಟಿಯೋಕ್‌ನಲ್ಲಿದ್ದಳು. ಸುದ್ದಿ ಕೇಳಿ ಎದೆ ಬಡಿದುಕೊಂಡಳು. ಎದೆಯಲ್ಲಿ ಬಹಳ ದಿನಗಳಿಂದ ಸುಮ್ಮನಿದ್ದ ಕ್ಯಾನ್ಸರ್ ಗಡ್ಡೆ ಕೆರಳಿತು ಎಂದು ಆಗ ಬದುಕಿದ್ದ ಸೆನೆಟರ್ ಡಿಯೊ ಬರೆದಿದ್ದಾನೆ. ಪೆಟ್ಟಿನಿಂದ ಕ್ಯಾನ್ಸರ್ ಬರುವುದಿಲ್ಲ, ಸರಿ. ಆದರೆ ಗಡ್ಡೆ ಮೊದಲೇ ಇತ್ತು ಅಂತ ಅವನೇ ಹೇಳುತ್ತಾನೆ. ಹೊಸ ಚಕ್ರವರ್ತಿ ಊರು ಬಿಡಲು ಹೇಳಿದ. ಆಕೆ ಅನ್ನ ಬಿಟ್ಟಳು.