ತೊಟ್ಟಿಯೊಳಗೆ ಬಂದವರು ಯಾರು?

ಉಪ್ಪುನೀರಿನ ಅಕ್ವೇರಿಯಂ ಇಟ್ಟು ಮೂರನೇ ವಾರ. ಮರಳು, ಕಲ್ಲು, ಗಾಜು, ಎಲ್ಲದರ ಮೇಲೂ ಕಂದು ಪುಡಿ. ನಾನು ಮೊದಲ ಸಲ ಇದನ್ನು ಕಂಡಾಗ ಇಡೀ ಭಾನುವಾರ ಕೂತು ಉಜ್ಜಿದ್ದೆ. ಮೂರೇ ದಿನಕ್ಕೆ ಮತ್ತೆ ಬಂತು. ಉಜ್ಜುವ ಮೊದಲು ಒಂದು ಹಗಲು, ಒಂದು ರಾತ್ರಿ ಸುಮ್ನೆ ನೋಡಬೇಕಿತ್ತು. ಸಮುದ್ರದ ಜೀವಿಗಳ ಬಣ್ಣ ನಮಗೆ ಮೋಸ ಮಾಡುತ್ತದೆ. ಅವುಗಳ ನಡತೆ ಮೋಸ ಮಾಡುವುದು ಕಡಿಮೆ.

ಇಂಥ ಜೀವಿಗಳು ಬರುವುದು ಹೆಚ್ಚಾಗಿ ತೊಟ್ಟಿಗೆ ಹಾಕುವ ಲೈವ್ ರಾಕ್ ಜೊತೆಗೆ. ಇದು ಸತ್ತ ಹವಳದ ಸುಣ್ಣಕಲ್ಲು, ಮೈತುಂಬ ತೂತು. ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಆ ತೂತುಗಳಲ್ಲೇ ನೆಲೆಸುತ್ತವೆ. ಹುಳು, ಸ್ಪಂಜು, ಪಾಚಿ ಕೂಡ ಅಲ್ಲೇ ಅಡಗಿರುತ್ತವೆ. ಒಂದು ಮಾತು: ನೇತ್ರಾಣಿಯಂಥ ಕಡೆ ಹೋದಾಗ ಹವಳದ ತುಂಡು ಎತ್ತಿ ತರಬೇಡಿ. ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೂ ಹುಲಿಗೂ ಒಂದೇ ದರ್ಜೆಯ ರಕ್ಷಣೆ ಇದೆ.

ಮತ್ತೆ ಕಂದು ಬಣ್ಣಕ್ಕೆ ಬರೋಣ. ಹೊಸ ತೊಟ್ಟಿಯಲ್ಲಿ ಅದು ಸಾಮಾನ್ಯವಾಗಿ ಡಯಾಟಮ್. ಒಂದೇ ಕೋಶದ ಈ ಪಾಚಿ ಸಿಲಿಕಾದಿಂದ, ಅಂದರೆ ಗಾಜಿನಂಥ ವಸ್ತುವಿನಿಂದ, ತನಗೊಂದು ಚಿಪ್ಪು ಕಟ್ಟಿಕೊಳ್ಳುತ್ತದೆ. ನೀರಿನಲ್ಲಿ ಕರಗಿದ ಸಿಲಿಕಾ ಮುಗಿದರೆ ಅದೂ ಹೋಗುತ್ತದೆ. ಕೆಲವು ವಾರ ಕಾಯಿರಿ, ಆರ್‌ಒ ನೀರು ಬಳಸಿ, ಸಾಕು.

ಆದರೆ ಅದೇ ಬಣ್ಣದಲ್ಲಿ ಇನ್ನೊಂದು ಬರುತ್ತದೆ: ಡೈನೊಫ್ಲಾಜೆಲೇಟ್. ಇದು ಪುಡಿಯಲ್ಲ, ಲೋಳೆ. ಎಳೆ ಎಳೆಯಾಗಿ ಜೋತು ಬೀಳುತ್ತದೆ, ಎಳೆಗಳಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿರುತ್ತವೆ. ರಾತ್ರಿ ಕಡಿಮೆಯಾದಂತೆ ಕಾಣುತ್ತದೆ, ಮಧ್ಯಾಹ್ನಕ್ಕೆ ಮತ್ತೆ ದಟ್ಟವಾಗುತ್ತದೆ. ಪ್ರತಿ ಕೋಶಕ್ಕೂ ಬಾಲದಂಥ ಎರಡು ಎಳೆಗಳಿದ್ದು, ಅದು ಈಜಬಲ್ಲದು. ಅನುಮಾನ ಇದ್ದರೆ ಸ್ವಲ್ಪ ಲೋಳೆಯನ್ನು ತೊಟ್ಟಿಯ ನೀರಿನ ಜೊತೆ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ. ಕಾಫಿ ಸೋಸುವ ಕಾಗದದಲ್ಲಿ ಸೋಸಿ. ಸೋಸಿದ ನೀರನ್ನು ಒಂದು ಗಂಟೆ ಬೆಳಕಿನಲ್ಲಿಡಿ. ತಿಳಿಯಾದ ನೀರಿನಲ್ಲಿ ಮತ್ತೆ ಎಳೆ ಕಟ್ಟಿದರೆ ಹೆಚ್ಚುಕಡಿಮೆ ಅದೇ.

ಈ ಗುರುತು ಯಾಕೆ ಮುಖ್ಯ ಅಂದರೆ, ಎರಡಕ್ಕೂ ಮದ್ದು ಬೇರೆ. ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಇಳಿದ ತೊಟ್ಟಿಯಲ್ಲೇ ಡೈನೊಫ್ಲಾಜೆಲೇಟ್ ಜಾಸ್ತಿ ಕಾಡುತ್ತದೆ. ಅದರ ಎದುರಾಳಿಗಳೆಲ್ಲ ಅಲ್ಲಿ ಹಸಿವಿನಿಂದ ಸೊರಗಿರುತ್ತವೆ. ಹಾಗಾಗಿ ಗಾಬರಿಯಿಂದ ನೀರು ಬದಲಿಸುತ್ತಾ ಹೋದರೆ ನಾವೇ ಅದಕ್ಕೆ ಜಾಗ ಮಾಡಿಕೊಟ್ಟಂತೆ.

ಕೆಂಪಿನಲ್ಲೂ ಇದೇ ಕಥೆ. ಹಾಲಿನ ಕೆನೆಯ ಹಾಗೆ ಹಾಳೆಯಾಗಿ ಎದ್ದು ಬರುವ ಕೆಂಪು ಲೋಳೆ ಪಾಚಿಯೇ ಅಲ್ಲ, ಸಯನೊಬ್ಯಾಕ್ಟೀರಿಯಾ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ತುಂಬತೊಡಗಿದ್ದು ಇದರ ಪೂರ್ವಜರೇ. ನೀರಿನ ಹರಿವು ಕಡಿಮೆ ಇರುವ ಮೂಲೆಯಲ್ಲಿ ಇದು ಬೇಗ ಹರಡುತ್ತದೆ. ಉಗುರಿನಿಂದ ಕೆರೆದರೂ ಏಳದ ಗುಲಾಬಿ ಅಥವಾ ನೇರಳೆ ಹೆಪ್ಪು ಕಂಡರೆ ಮಾತ್ರ ಖುಷಿಪಡಿ. ಅದು ಕೊರಲೈನ್ ಪಾಚಿ. ನೀರಿನ ಕ್ಯಾಲ್ಸಿಯಂ ಹೀರಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ತೊಟ್ಟಿ ನೆಲೆಗೊಳ್ಳುತ್ತಿದೆ ಅಂತ ಲೆಕ್ಕ.

ಗಾಜಿಗೆ ಅಂಟಿದ ಒಂದೆರಡು ಮಿಲಿಮೀಟರಿನ ಬಿಳಿ ಸುರುಳಿಗಳು, ಕತ್ತಲ ಸಂದಿಯ ಬಿಳಿ ಸ್ಪಂಜು, ಇವು ನೀರು ಸೋಸಿ ತಿನ್ನುವ ಬಡಪಾಯಿಗಳು. ಇರಲಿ ಬಿಡಿ.

ಏಪ್ಟೇಸಿಯಾ ಹಾಗಲ್ಲ. ಕಂದು ಛಾಯೆಯ ಗಾಜಿನ ಹೂವಿನಂತೆ ಕಾಣುವ ಈ ಚಿಕ್ಕ ಕಡಲ ಹೂವು (ಸೀ ಅನಿಮೋನ್, ನಿಜಕ್ಕೂ ಒಂದು ಪ್ರಾಣಿ) ತಾಗಿದರೆ ತಟ್ಟನೆ ತೂತಿನೊಳಗೆ ಮುದುಡಿಕೊಳ್ಳುತ್ತದೆ. ಕುಟುಕಿ ಪಕ್ಕದ ಹವಳವನ್ನು ಗಾಯ ಮಾಡುತ್ತದೆ. ಕಿತ್ತು ಹಾಕಲು ಹೋಗಬೇಡಿ. ಪಾದದ ಒಂದು ಚೂರು ಉಳಿದರೂ ಅದರಿಂದ ಹೊಸದು ಬೆಳೆಯುತ್ತದೆ. ಪಂಪ್ ನಿಲ್ಲಿಸಿ, ಸಿರಿಂಜಿನಿಂದ ಅದರ ಬಾಯಿಯ ಮೇಲೆ ನೀರಲ್ಲಿ ಗಟ್ಟಿಯಾಗಿ ಕಲಸಿದ ಸುಣ್ಣ ಬಿಡುವುದುಂಟು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ನಾವು ವೀಳ್ಯದೆಲೆಗೆ ಹಚ್ಚುವ ಸುಣ್ಣವೇ. ತೊಟ್ಟಿಗೆ ಮಾತ್ರ ಶುದ್ಧವಾದದ್ದೇ ಬೇಕು, ಒಂದು ಸಲಕ್ಕೆ ಒಂದೆರಡು ಹೂವಿಗಷ್ಟೇ. ಬರ್ಗಿಯಾ ಎಂಬ ಪುಟ್ಟ ಕಡಲ ಬಸವನಹುಳುವಿಗೆ ಏಪ್ಟೇಸಿಯಾ ಬಿಟ್ಟು ಬೇರೆ ಊಟವೇ ಇಲ್ಲ. ಎಲ್ಲ ಮುಗಿದ ಮೇಲೆ ಅದನ್ನು ಬೇಕಾದವರಿಗೆ ಕೊಟ್ಟುಬಿಡಿ, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ.

ಬೇಸತ್ತು ಕಲ್ಲನ್ನೇ ಹೊರತೆಗೆದು ಕುದಿಸುವವರಿದ್ದಾರೆ. ದಯವಿಟ್ಟು ಇದನ್ನು ಮಾಡಬೇಡಿ. ಕಲ್ಲಿನ ಮೇಲೆ ಅಂಗಿಯ ಗುಂಡಿಗಳಂತೆ ಗುಂಪಾಗಿ ಬೆಳೆಯುವ, ಹವಳದ ನೆಂಟರಾದ ಕೆಲವು ಜೊಯಾಂಥಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಾರೀ ವಿಷ ಇರುತ್ತದೆ. ಕುದಿಯುವ ನೀರಿನ ಹಬೆಯ ಜೊತೆ ಅದು ಮನೆಯ ಗಾಳಿಗೆ ಸೇರುತ್ತದೆ. ಹೀಗೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ಹಲವು ದೇಶಗಳಲ್ಲಿ ನಡೆದಿವೆ. ಇಂಥ ಕಲ್ಲು ಮುಟ್ಟುವಾಗ ಕೈಗವಸು, ಕನ್ನಡಕ ಎರಡೂ ಇರಲಿ. ಮುಟ್ಟಿದ ಮೇಲೆ ಉಸಿರು ಕಟ್ಟಿದರೆ, ಬಾಯಲ್ಲಿ ಲೋಹದ ರುಚಿ ಬಂದರೆ, ತಕ್ಷಣ ಆಸ್ಪತ್ರೆಗೆ ಹೋಗಿ. ಅಲ್ಲಿ ಡಾಕ್ಟರಿಗೆ ಬರೀ ಜ್ವರ, ಕೆಮ್ಮು ಅನ್ನಬೇಡಿ. ಅಕ್ವೇರಿಯಂನ ಕಲ್ಲು ಮುಟ್ಟಿದ್ದೆ ಅಂತ ಮೊದಲು ಹೇಳಿ.