ಒಂದು ಗುಂಟೆಗೆ ಒಂದು ಪಿಕ್ಸೆಲ್

ತುಂಗಭದ್ರಾ ಎಡದಂಡೆ ಕಾಲುವೆಯ ಜಾಡು ಹಿಡಿದು ಗಂಗಾವತಿಯಿಂದ ಸಿಂಧನೂರು, ಮಾನ್ವಿ ಕಡೆಗೆ ಗೂಗಲ್ ಮ್ಯಾಪ್ಸ್‌ನ ಉಪಗ್ರಹ ಚಿತ್ರದಲ್ಲಿ ಹೋದರೆ ಗದ್ದೆಯ ಬದು, ಹುಲ್ಲಿನ ಬಣವೆ, ಶೆಡ್ಡಿನ ತಗಡು ಎಲ್ಲವೂ ಕಾಣುತ್ತವೆ. ಕಾಣದಿರುವುದು ಒಂದೇ, ತಾರೀಖು. ಅಕ್ಕಪಕ್ಕದ ಹೊಲಗಳು ಬೇರೆ ಬೇರೆ ವರ್ಷದ ಚಿತ್ರಗಳಿಂದ ಬಂದಿರಬಹುದು. ಇತ್ತ ಹಸಿರು, ಅತ್ತ ಬೀಳು ಕಂಡಾಗ, ಎರಡರ ನಡುವಿನ ಗೆರೆ ಬದುವಿನ ಮೇಲೇ ಹೋಗಿದೆಯೋ, ಬದುಗಳನ್ನು ಅಡ್ಡ ಕತ್ತರಿಸಿದೆಯೋ ನೋಡಿ. ಕತ್ತರಿಸಿದ್ದರೆ ಅದು ಎರಡು ಚಿತ್ರ ಜೋಡಿಸಿದ ಗೆರೆ. ನೀರು ಬಂದದ್ದಕ್ಕೂ ಬಾರದ್ದಕ್ಕೂ ಅದು ಸಾಕ್ಷಿಯಲ್ಲ.

ತಾರೀಖು ಬೇಕಿದ್ದರೆ ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಪ್ರೊ ಹಾಕಿಕೊಳ್ಳಿ. 2015ರಿಂದ ಅದು ಉಚಿತ. ಮೇಲಿನ ಪಟ್ಟಿಯ ಗಡಿಯಾರದ ಗುರುತು ಒತ್ತಿದರೆ ಅದೇ ಹೊಲದ ಹಳೆಯ ಚಿತ್ರಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ, ತೆಗೆದ ದಿನವೂ ಕಾಣುತ್ತದೆ. ರೂಲರ್‌ನಲ್ಲಿ ಪಾಲಿಗನ್ ಆರಿಸಿ ಬದುವಿನ ಮೂಲೆಗಳನ್ನು ಒತ್ತುತ್ತ ಹೋದರೆ ವಿಸ್ತೀರ್ಣ ಎಕರೆಯಲ್ಲಿ ಸಿಗುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ: ತೆರೆಯ ಮೇಲಿನ 2.35 ಎಂದರೆ ಪಹಣಿಯ 2 ಎಕರೆ 35 ಗುಂಟೆ ಅಲ್ಲ. ಚುಕ್ಕಿಯ ನಂತರದ .35 ಅನ್ನು 40ರಿಂದ ಗುಣಿಸಬೇಕು. ಬರುವುದು 14 ಗುಂಟೆ.

ಆದರೆ ಇಷ್ಟು ಸ್ಪಷ್ಟವಾದ ಚಿತ್ರ ವರ್ಷಕ್ಕೆ ಒಂದೆರಡು ಸಿಕ್ಕರೆ ಹೆಚ್ಚು. ಕಾಲುವೆ ನೀರು ಕೊನೆಭಾಗಕ್ಕೆ ಯಾವಾಗ ಮುಟ್ಟಿತು ಎಂದು ತಿಳಿಯಲು ಮಸುಕಾದರೂ ಹೊಸದಾದ ಚಿತ್ರವೇ ಬೇಕು. ಅದಕ್ಕಿರುವುದು ಯುರೋಪಿನ ಸೆಂಟಿನೆಲ್-2. ಎರಡು ಉಪಗ್ರಹಗಳು ಸೇರಿ ಐದು ದಿನಕ್ಕೊಮ್ಮೆ ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತವೆ. ಅದರ ಚಿತ್ರದ ಒಂದು ಚುಕ್ಕಿ, ಅಂದರೆ ಪಿಕ್ಸೆಲ್, ನೆಲದ ಮೇಲಿನ 10 ಮೀಟರ್ ಚೌಕ. ನಮ್ಮ ಗುಂಟೆ 33 ಅಡಿ ಚೌಕ, ಅಂದರೆ 10.06 ಮೀಟರ್. ಹೆಚ್ಚೂಕಡಿಮೆ ಒಂದು ಗುಂಟೆಗೆ ಒಂದು ಪಿಕ್ಸೆಲ್, ಎಕರೆಗೆ 40! ಆದರೆ ಚೌಕಾಕಾರದ ಒಂದು ಎಕರೆಯಲ್ಲಿ ಅರ್ಧದಷ್ಟು ಪಿಕ್ಸೆಲ್‌ಗಳು ಅಂಚಿನವು; ಪಕ್ಕದ ಹೊಲದ ಬಣ್ಣವೂ ಅವುಗಳಲ್ಲಿ ಬೆರೆತಿರುತ್ತದೆ. ನಡುವಿನವನ್ನೇ ನಂಬಿ.

ಈ ಚಿತ್ರಗಳು ಸಿಗುವ ಕೋಪರ್ನಿಕಸ್ ಬ್ರೌಸರ್ ಜಾಲತಾಣ ತೆರೆದು ಊರು ಹುಡುಕಿ, ತಾರೀಖು ಕೊಟ್ಟು, ಮೋಡದ ಪ್ರಮಾಣವನ್ನು 20 ಪ್ರತಿಶತದೊಳಗೆ ಇಟ್ಟು ‘ಫಾಲ್ಸ್ ಕಲರ್’ ಆರಿಸಿ. ಹಸಿರೆಲೆ ಹೆಚ್ಚಾಗಿ ಪ್ರತಿಫಲಿಸುವ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಇದು ಕೆಂಪಾಗಿ ತೋರಿಸುತ್ತದೆ. ನೀರು ನಿಲ್ಲಿಸಿ ಆಗಷ್ಟೇ ನಾಟಿ ಮಾಡಿದ ಗದ್ದೆ ಕಡುನೀಲಿ, ಬೆಳೆ ತುಂಬಿಕೊಂಡಂತೆ ಕಡುಗೆಂಪು. ಕಾಲುವೆಯ ಮೇಲ್ಭಾಗ ಕೆಂಪಾದ ದಿನವೂ ಕೊನೆಭಾಗ ಕಡುನೀಲಿಯಲ್ಲೇ ಇದ್ದರೆ, ನಾಟಿ ಎಷ್ಟು ತಡವಾಯಿತೆಂಬುದಕ್ಕೆ ತಾರೀಖು ಸಮೇತ ಪುರಾವೆ ಸಿಕ್ಕಂತೆ. ಕೊನೆಭಾಗದ ರೈತರ ದೂರು ಬಾಯಿಮಾತಿನಲ್ಲೇ ಉಳಿಯಬೇಕಿಲ್ಲ.

ಮುಂಗಾರಿನಲ್ಲಿ ಮೋಡ ಬಿಡದಿದ್ದರೆ ಸೆಂಟಿನೆಲ್-1 ನೋಡಿ. ಅದರ ರೇಡಾರ್ ಮೋಡದಾಚೆಗೂ ಕಾಣುತ್ತದೆ. ನೀರು ನಿಂತ ಗದ್ದೆಯ ನಯವಾದ ಮೈ ರೇಡಾರ್ ಅಲೆಗಳನ್ನು ಬೇರೆಡೆಗೆ ಹಾಯಿಸುವುದರಿಂದ ಕಪ್ಪಾಗಿ ಮೂಡುತ್ತದೆ.

ಫಾಲ್ಸ್ ಕಲರ್‌ನಲ್ಲಿ ಮೋಸ ಮಾಡುವುದು ಬಳ್ಳಾರಿ ಜಾಲಿ. ಬಿರುಬೇಸಿಗೆಯಲ್ಲೂ ಹಸಿರಾಗಿರುವ ಈ ಮುಳ್ಳುಕಂಟಿ ಬೆಳೆಯ ಹಾಗೇ ಕೆಂಪಾಗಿ ಕಾಣುತ್ತದೆ. ತಿಂಗಳಿಗೊಂದರಂತೆ ನಾಲ್ಕೈದು ಚಿತ್ರ ತೆಗೆದು ನೋಡಿ: ಬೆಳೆಯ ಬಣ್ಣ ಏರಿಳಿಯುತ್ತದೆ, ಜಾಲಿಯದು ಹಾಗೇ ಇರುತ್ತದೆ. ಮಳೆ ಬಿದ್ದ ಮರುದಿನದ ಎರೆ ಹೊಲವೂ ಅದರಲ್ಲಿ ನೀರು ನಿಂತಂತೆ ಕಡುಬಣ್ಣದಲ್ಲಿ ಕಾಣಬಹುದು. ಅನುಮಾನವಿದ್ದರೆ ಮುಂದಿನ ಸರದಿಯ ಚಿತ್ರಕ್ಕೆ ಕಾಯಿರಿ.

ಸರ್ವೆ ನಂಬರ್ ತಿಳಿಯಲು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಇದೆ. ಚೈನು ಎಳೆದು ಅಳೆದ ಕಾಲದ ಗ್ರಾಮನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದಾಗ ಗೆರೆಗಳು ಕೆಲವು ಮೀಟರ್ ಅತ್ತಿತ್ತ ಸರಿದಿರಬಹುದು. ಅದನ್ನು ನೋಡಿ ಪಕ್ಕದ ಹೊಲದವರೊಂದಿಗೆ ಬದುವಿನ ಜಗಳಕ್ಕೆ ಇಳಿಯಬೇಡಿ. ಊರಿನ ಹಳ್ಳ, ಬಂಡಿದಾರಿಗಳ ಗೆರೆಯೂ ಅಷ್ಟೇ ದೂರ, ಅದೇ ದಿಕ್ಕಿಗೆ ಸರಿದಿದ್ದರೆ ತಪ್ಪು ನಕ್ಷೆ ಕೂರಿಸಿದ್ದರಲ್ಲಿದೆ. ಅವೆಲ್ಲ ಸರಿಯಾಗಿದ್ದು ನಿಮ್ಮ ಬದು ಮಾತ್ರ ತಪ್ಪಿದಂತಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಭೂಮಾಪಕರಿಂದ ಅಳತೆ ಮಾಡಿಸಿ.