ಒಂದು ಲೈನ್‌ಗೆ ಫಾಲ್ಟ್ ಆದರೆ ಪಕ್ಕದ ಲೈನೂ ಯಾಕೆ ಟ್ರಿಪ್ ಆಗುತ್ತದೆ?

ಪ್ರಶ್ನೆ: ನೆಲಮಂಗಲದ ಕಡೆ ದೊಡ್ಡ ಟವರ್‌ಗಳಲ್ಲಿ ಆ ಬದಿ ಒಂದು, ಈ ಬದಿ ಒಂದು ಅಂತ ಎರಡು ಲೈನ್ ಇರುತ್ತವೆ. ಒಂದು ಕೆಟ್ಟರೆ ಇನ್ನೊಂದು ನಡೆಯಬೇಕು ಅಲ್ವಾ? ಕೆಲವೊಮ್ಮೆ ಎರಡೂ ಯಾಕೆ ಬೀಳುತ್ತವೆ?
(ಓದುಗರೊಬ್ಬರು, ಪೀಣ್ಯ, ಬೆಂಗಳೂರು)

ಉತ್ತರ: ಟವರ್‌ಗೆ ಸಿಡಿಲು ಹೊಡೆದು ಎರಡೂ ಬದಿಯ ಇನ್ಸುಲೇಟರ್‌ಗಳಲ್ಲಿ ಕಿಡಿ ಹಾರಿದರೆ ಎರಡೂ ಟ್ರಿಪ್ ಆಗಲೇಬೇಕು. ಅದರಲ್ಲಿ ತಪ್ಪೇನಿಲ್ಲ. ಚಿಂತೆ ಇರುವುದು ಚೆನ್ನಾಗಿದ್ದ ಲೈನ್ ಸುಮ್ನೆ ಬಿದ್ದಾಗ.

ಇಂಥ ಲೈನ್‌ಗಳನ್ನು ಹೆಚ್ಚಾಗಿ ಡಿಸ್ಟೆನ್ಸ್ ರಿಲೇ ಕಾಯುತ್ತದೆ. ರಿಲೇ ಅಂದರೆ ಫಾಲ್ಟ್ ಗುರುತಿಸಿ, ಲೈನ್ ಕಡಿಯುವ ದೊಡ್ಡ ಸ್ವಿಚ್ಚಾದ ಬ್ರೇಕರ್‌ಗೆ ತೆರೆಯಲು ಹೇಳುವ ಸಾಧನ. ಡಿಸ್ಟೆನ್ಸ್ ರಿಲೇ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ, ಫಾಲ್ಟ್ ಎಷ್ಟು ದೂರದಲ್ಲಿದೆ ಅಂತ ಲೆಕ್ಕ ಹಾಕುತ್ತದೆ. ಲೈನಿನ ಸುಮಾರು 80% ಉದ್ದದೊಳಗೆ ಇದ್ದರೆ ಕಾಯದೆ ಟ್ರಿಪ್. ಇದು ಝೋನ್-1. ಅದರಾಚೆ ಇದ್ದರೆ ಸ್ವಲ್ಪ ಹೊತ್ತು ಕಾದು, ಝೋನ್-2.

ಈ ಲೆಕ್ಕವನ್ನು ಪಕ್ಕದ ಲೈನ್ ಕೆಡಿಸುತ್ತದೆ. ತಂತಿಯಿಂದ ನೆಲಕ್ಕೆ ಫಾಲ್ಟ್ ಆದಾಗ ಒಂದು ಲೈನಿನ ಕರೆಂಟು ಇನ್ನೊಂದರಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಎರಡೂ ಚಾಲೂ ಇದ್ದು ಕರೆಂಟು ಒಂದೇ ದಿಕ್ಕಿಗೆ ಹರಿದರೆ, ಫಾಲ್ಟ್ ಇರುವುದಕ್ಕಿಂತ ದೂರದಲ್ಲಿದೆ ಅಂತ ರಿಲೇಗೆ ಕಾಣುತ್ತದೆ. ಟ್ರಿಪ್ ತಡವಾಗಬಹುದು.

ನನಗೆ ಜಾಸ್ತಿ ಅಪಾಯ ಅನಿಸುವುದು ಇದರ ಉಲ್ಟಾ ಸ್ಥಿತಿ. ಒಂದು ಲೈನಿಗೆ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಆಫ್ ಮಾಡಿ ಕೆಲಸ ಮಾಡುವ ಅನುಮತಿ) ತಗೊಂಡು, ಕೆಲಸಗಾರರ ರಕ್ಷಣೆಗೆ ಎರಡೂ ತುದಿಗೆ ಅರ್ತ್ ಮಾಡಿರುತ್ತಾರೆ. ಅರ್ತ್ ಮಾಡಲೇಬೇಕು, ಯಾಕೆಂದರೆ ಆಫ್ ಆದ ಲೈನಿನಲ್ಲೂ ಪಕ್ಕದ್ದರಿಂದ ಜೀವ ತೆಗೆಯುವಷ್ಟು ವೋಲ್ಟೇಜ್ ಬರುತ್ತದೆ. ಆದರೆ ಫಾಲ್ಟ್ ಆದಾಗ ಆ ಅರ್ತ್ ಆದ ಲೈನಿನಲ್ಲಿ ಎದುರು ದಿಕ್ಕಿನ ಕರೆಂಟು ಹರಿಯುತ್ತದೆ. ಚಾಲೂ ಇರುವ ಲೈನಿನ ರಿಲೇಗೆ ದೂರದ ಫಾಲ್ಟ್ ಹತ್ತಿರ ಕಾಣುತ್ತದೆ. ಮುಂದಿನ ಸ್ಟೇಷನ್‌ನ ಆಚೆಗಿನ ಫಾಲ್ಟನ್ನು ತನ್ನದೇ ಅಂದುಕೊಂಡು ಟ್ರಿಪ್ ಕೊಡಬಹುದು. ಒಂದು ರಿಪೇರಿಯಲ್ಲಿ, ಇನ್ನೊಂದು ಟ್ರಿಪ್. ನೀವು ಕೇಳಿದ ಸ್ಥಿತಿ ಬರುವ ಒಂದು ದಾರಿ ಇದು.

ಇನ್ನೊಂದು ಕಾರಣವೂ ಇದೆ. ಕೆಟ್ಟ ಲೈನಿನ ಒಂದು ತುದಿಯ ಬ್ರೇಕರ್ ಮೊದಲು ತೆರೆದಾಗ, ಚೆನ್ನಾಗಿರುವ ಲೈನಿನಲ್ಲಿ ಕರೆಂಟಿನ ದಿಕ್ಕು ತಟ್ಟನೆ ತಿರುಗಬಹುದು. ಫಾಲ್ಟ್ ತನ್ನ ಮುಂದೆ ಕಂಡಾಗ ಎದುರು ತುದಿಯ ರಿಲೇ ಮೊದಲೇ ಕಳಿಸಿದ್ದ 'ಟ್ರಿಪ್ ಮಾಡಬಹುದು' ಅನ್ನುವ ಸಿಗ್ನಲ್ ಇನ್ನೂ ಅಳಿಸಿರುವುದಿಲ್ಲ. ಎರಡೂ ಸೇರಿ ಸುಳ್ಳು ಟ್ರಿಪ್. ದಿಕ್ಕು ಬದಲಾದಾಗ ಹತ್ತಾರು ಮಿಲಿಸೆಕೆಂಡ್ ತಡೆ ಹಿಡಿಯುವ ಟೈಮರ್ ಇದಕ್ಕೆ ಮದ್ದು. ಜಾಸ್ತಿ ಕಾಯಿಸುವ ಹಾಗಿಲ್ಲ. ನಮ್ಮ ದೇಶದ ಗ್ರಿಡ್ ನಿಯಮದ ಪ್ರಕಾರ 400 ಕೆವಿ ಲೈನಿನ ಫಾಲ್ಟ್ 100 ಮಿಲಿಸೆಕೆಂಡಿನೊಳಗೆ, 220 ಕೆವಿಯದು 160ರೊಳಗೆ ಕಡಿದುಹೋಗಬೇಕು.

ಸಾಧ್ಯವಿದ್ದಲ್ಲೆಲ್ಲ ಲೈನ್ ಡಿಫರೆನ್ಷಿಯಲ್ ರಿಲೇ ಹಾಕಬೇಕು ಅನ್ನುವುದು ನನ್ನ ಅಭಿಪ್ರಾಯ. ಎರಡೂ ತುದಿಯ ಕರೆಂಟನ್ನು ಫೈಬರ್ ಮೂಲಕ ಹೋಲಿಸಿ ನೋಡುವುದರಿಂದ, ಪಕ್ಕದ ಲೈನಿನ ಪ್ರಭಾವ ಅದನ್ನು ದಾರಿ ತಪ್ಪಿಸುವುದಿಲ್ಲ. ಆದರೆ ಫೈಬರ್ ತುಂಡಾದ ದಿನ ಮತ್ತೆ ಡಿಸ್ಟೆನ್ಸ್ ರಿಲೇಯೇ ಗತಿ. ಹಾಗಾಗಿ ಅದರ ಸೆಟ್ಟಿಂಗ್ ಹಾಕುವಾಗ ಪಕ್ಕದ ಲೈನ್ ಚಾಲೂ ಇದ್ದಾಗ, ಬರೀ ಆಫ್ ಇದ್ದಾಗ, ಆಫ್ ಆಗಿ ಅರ್ತ್ ಆಗಿದ್ದಾಗ, ಮೂರಕ್ಕೂ ಬೇರೆ ಬೇರೆ ಲೆಕ್ಕ ಮಾಡಬೇಕು.